ನೀರು ಎಷ್ಟು ಹಾಕಬೇಕ್ರಿ, ವೈನಿ?

ಪುಣೆಗೆ ಬಂದು ಸಂಸಾರ ಹೂಡಿದ ಮೇಲೆ ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಸಿಕೊಂಡ ಮಾತೆಂದರೆ, "ನೀರು ಎಷ್ಟು ಹಾಕಬೇಕ್ರಿ, ವೈನಿ?" ಗಂಡ ನನ್ನನ್ನು ಅಷ್ಟು ಸಲ ಕರೆದಿಲ್ಲ, ಮಕ್ಕಳು ಅಷ್ಟು ಸಲ ಅತ್ತಿಲ್ಲ. ಸದಾಶಿವ ಪೇಠೆಯಲ್ಲಿ, ಒಂದೇ ಅಂಗಳದ ಸುತ್ತ ಹತ್ತಾರು ಬಿಡಾರಗಳಿದ್ದ ನಮ್ಮ ವಾಡೆಯಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ನಮ್ಮ ಕಡೆಯವರೇ. ಧಾರವಾಡದವರು, ವಿಜಾಪುರದವರು, ಅರಿವೆ ಅಂಗಡಿ ಇಟ್ಟವರು, ನನ್ನ ಗಂಡನಂತೆ ಕಚೇರಿಯಲ್ಲಿ ಕಾರಕೂನಿಕೆ ಮಾಡುವವರು. ಮಾಲಕರು ಮಾತ್ರ ಮರಾಠಿಯವರು. ಮಾಲಕರ ಹೆಂಡತಿ ಮಹಡಿಯ ಕಟಕಟೆಗೆ ಒರಗಿ ಅದೇ ಮಾತನ್ನು ತಮ್ಮ ಭಾಷೆಯಲ್ಲಿ ಕೇಳುತ್ತಿದ್ದರು: "ವಹಿನೀ, ಪಾಣೀ ಕಿತೀ ಘಾಲಾಯ್ಚಂ?" ಅವರಿಗೆ ಮರಾಠಿಯಲ್ಲಿ, ಇವರಿಗೆ ಕನ್ನಡದಲ್ಲಿ ನಾನು ಒಂದೇ ಉತ್ತರ ಕೊಡುತ್ತಿದ್ದೆ. ಯಾವ ಭಾಷೆಯಲ್ಲಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಿಡಕ್ಕೆ ನೀರು ಹಾಕುವುದೇನು ದೊಡ್ಡ ಶಾಸ್ತ್ರವೇ? "ಮಣ್ಣಾಗ ಬೆರಳು ಇಡ್ರಿ. ಎರಡನೇ ಗೆಣ್ಣಿನ ತನಕ ಇಳಸ್ರಿ. ಹಸಿ ಹತ್ತಿದ್ರ ನೀರು ಬ್ಯಾಡ, ಒಣ ಹತ್ತಿದ್ರ ಹಾಕ್ರಿ." ಇಷ್ಟೇ. "ಹೌದ್ರಿ, ಹೌದ್ರಿ" ಎನ್ನುತ್ತಿದ್ದರು. ಮರುದಿನ ನೋಡಿದರೆ ಸ್ನಾನ ಮಾಡಿ ಬಂದವರು ಒಂದು ಚೊಂಬು, ಪೂಜೆ ಮುಗಿಸಿದವರು ಒಂದು ಚೊಂಬು, ಅಕ್ಕಿ ತೊಳೆದವರು ಒಂದು ಪಾತ್ರೆ! ಗಿಡ ಹಳದಿಗೆ ತಿರುಗಿದರೆ, "ಅಯ್ಯ, ಬಾಯಾರಿಕಿ ಆಗೇದ ಪಾಪ" ಎಂದು ಇನ್ನೊಂದು ಚೊಂಬು. ಮೊಸಳೆಯನ್ನು ಸಾಕಿದ್ದರೂ ಅಷ್ಟು ನೀರು ಬೇಕಾಗುತ್ತಿರಲಿಲ್ಲ.

ಇನ್ನೂ ಎಷ್ಟೋ ಪ್ರಶ್ನೆಗಳು. "ಗುಲಾಬಿ ಹೂ ಯಾಕ ಬಿಡವಲ್ದರಿ?" ಹೋಗಿ ನೋಡಿದರೆ ಗಿಡ ಒಲೆಯ ಹಿಂದಿನ ಕತ್ತಲೆ ಮೂಲೆಯಲ್ಲಿ ಕೂತಿದೆ. ಬಿಸಿಲಿಗೆ ಇಡಿ ಎಂದರೆ, "ದೃಷ್ಟಿ ಆಗ್ತದ್ರಿ" ಎನ್ನುತ್ತಾರೆ. "ಗೊಬ್ಬರ ಹಾಕಿದ್ದೆ, ಆದರೂ ಸುಟ್ಟುಹೋತು." ಯಾವ ಗೊಬ್ಬರ? ಆಗ ತಾನೇ ಆಕಳು ಹಾಕಿದ ಬಿಸಿ ಸಗಣಿ. ಮತ್ತೊಬ್ಬಾಕೆ ದಾಸವಾಳದ ಕಡ್ಡಿ ನೆಟ್ಟು ದಿನಾ ಬೆಳಿಗ್ಗೆ ಕಿತ್ತು ನೋಡುತ್ತಿದ್ದಳು, ಬೇರು ಬಂದಿದೆಯೋ ಇಲ್ಲವೋ ಎಂದು. ನಾನು ತಲೆ ತಲೆ ಚಚ್ಚಿಕೊಂಡೆ. "ನಿನ್ನ ಕೂಸು ನಿದ್ದಿ ಹತ್ತೇದೋ ಇಲ್ಲೋ ಅಂತ ದಿನಾ ಎಬ್ಬಿಸಿ ನೋಡ್ತೀಯೇನವಾ?" ಎಂದರೆ ಹಲ್ಲು ಕಿರಿದು ಹೋದಳು. ಮರುದಿನ ಮತ್ತೆ ಕಿತ್ತಳು.

ಇವರು ನನ್ನ ಮಾತು ಕೇಳದಿದ್ದುದಕ್ಕೆ ಒಂದು ಕಾರಣವಿತ್ತು. ನನ್ನದು ಒಳ್ಳೆಯ ಕೈಗುಣ ಎಂದು ಇಡೀ ವಾಡೆ ತೀರ್ಮಾನಿಸಿಬಿಟ್ಟಿತ್ತು. ಕೆಲವರ ಕೈ ತಾಗಿದರೆ ಒಣಕಡ್ಡಿಯೂ ಚಿಗುರುತ್ತದಂತೆ, ಕೆಲವರ ಕೈ ತಾಗಿದರೆ ಹಸಿರು ಗಿಡವೂ ಸಾಯುತ್ತದಂತೆ. ನಮ್ಮ ಬಾಗಿಲ ಮುಂದೆ ದೊಡ್ಡ ಮಣ್ಣಿನ ಬಾನಿಯಲ್ಲಿ ನನ್ನ ದುಂಡುಮಲ್ಲಿಗೆ ಇತ್ತು. ಚೈತ್ರ ಬಂದರೆ ವಾಡೆಯ ಹೆಂಗಸರೆಲ್ಲ ಮುಡಿದು ದೇವರಿಗೂ ಮಿಗುವಷ್ಟು ಹೂ ಬಿಡುತ್ತಿತ್ತು. ಅದನ್ನು ತೋರಿಸಿ, "ನಿಮ್ಮ ಕೈಗುಣ ಭಾಳ ಛಲೋ ಅದ್ರಿ, ನೀವೇ ಒಮ್ಮೆ ಮುಟ್ಟಿ ಕೊಡ್ರಿ" ಎಂದು ಕಡ್ಡಿ ಹಿಡಿದುಕೊಂಡು ಬರುತ್ತಿದ್ದರು. ನನ್ನಿಂದ ಮುಟ್ಟಿಸಿಕೊಂಡು ಹೋಗಿ ನೀರಲ್ಲಿ ಮುಳುಗಿಸುತ್ತಿದ್ದರು. ಕೈಗುಣವಂತೆ ಕೈಗುಣ! ತವರಿನಲ್ಲಿದ್ದಾಗ ನಾನು ಎಷ್ಟು ಗಿಡ ಸಾಯಿಸಿದ್ದೇನೆಂದು ಇವರಿಗೇನು ಗೊತ್ತು? ಸಾಯಿಸಿ ಸಾಯಿಸಿಯೇ ಕಲಿತವಳು ನಾನು. ಅದನ್ನೂ ಹೇಳಿ ನೋಡಿದೆ. "ದೊಡ್ಡವ್ರು ಹಂಗ ತಗ್ಗಿ ಮಾತಾಡ್ತಾರ" ಎಂದು ನಕ್ಕರು.

ಈ ಹುಚ್ಚು ನಂಬಿಕೆ ಬರೀ ನನ್ನ ತಲೆ ತಿಂದಿದ್ದರೆ ಸುಮ್ಮನಿರುತ್ತಿದ್ದೆ. ಅದು ಒಂದು ಹುಡುಗಿಯ ಬಾಳಿಗೇ ಬಂದು ಕೂತಿತು.

ಅಂಗಳದ ಆಚೆ ಬದಿಯಲ್ಲಿ ಅರಿವೆ ಅಂಗಡಿಯವರ ಮನೆ. ಮನೆಯ ಯಜಮಾನತಿ ಗಂಡನನ್ನು ಕಳೆದುಕೊಂಡ ಹಿರಿಯಾಕೆ. ನಾವೆಲ್ಲ ಅವರನ್ನು ಮೌಶಿ ಎನ್ನುತ್ತಿದ್ದೆವು. ಕೆಟ್ಟವರಲ್ಲ, ಆದರೆ ಹಿಡಿದದ್ದನ್ನು ಬಿಡುವವರಲ್ಲ. ಮಗ ಅಂಗಡಿ ನೋಡಿಕೊಳ್ಳುತ್ತಿದ್ದ, ಅವ್ವ ಹಾಕಿದ ಗೆರೆ ದಾಟುತ್ತಿರಲಿಲ್ಲ. ಅವನ ಹೆಂಡತಿ ಧಾರವಾಡದ ಕಡೆಯ ಹುಡುಗಿ, ಮೆತ್ತಗಿನ ದನಿಯವಳು. ಮದುವೆಯಾಗಿ ಮೂರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿ. ಸೊಸೆ ಪಂಚಮಿಗೆ ತವರಿಗೆ ಹೋಗಿ ಬರುವಾಗ ಅಲ್ಲಿಂದ ಮಲ್ಲಿಗೆ ಬಳ್ಳಿಯ ಒಂದು ಕಡ್ಡಿ ತಂದು ಗಂಡನ ಮನೆಯಲ್ಲಿ ತನ್ನ ಕೈಯಾರೆ ನೆಡಬೇಕು. ಅದು ಬೇರು ಹಿಡಿದರೆ ಮನೆ ಬೆಳೆಯುತ್ತದೆ ಎಂದು ಲೆಕ್ಕ. ಈ ಹುಡುಗಿ ತಂದ ಮೊದಲನೆಯ ಕಡ್ಡಿ ಕೊಳೆಯಿತು. ಮರುವರ್ಷದ್ದೂ ಕೊಳೆಯಿತು.

"ಇಕೀ ಕೈಯಾಗ ಹುಲ್ಲು ಸುದ್ದಾ ಹುಟ್ಟಂಗಿಲ್ಲ. ಇನ್ನ ಹೊಟ್ಟ್ಯಾಗ ಕೂಸು ಹೆಂಗ ನಿಂತೀತು?" ಎಂದು ಮೌಶಿ ನಳದ ಹತ್ತಿರ ಎಲ್ಲರ ಮುಂದೆ ಅಂದರು. ಹುಡುಗಿ ಅಲ್ಲೇ ಕೊಡ ತೊಳೆಯುತ್ತಿದ್ದಳು. ಕೈ ನಿಲ್ಲಿಸದೆ ತೊಳೆಯುತ್ತಲೇ ಇದ್ದಳು. ಮೌಶಿಯ ಮಾತು ಅಲ್ಲಿಗೇ ನಿಲ್ಲಲಿಲ್ಲ. ಅವರ ಮನೆದೇವರು ಖಂಡೋಬನಿರುವ ಜೇಜುರಿಯ ದಾರಿಯಲ್ಲಿ ನೆಂಟರಿದ್ದರು, ಆ ಮನೆಯಲ್ಲಿ ಮದುವೆಗೆ ಬಂದ ಹುಡುಗಿಯಿದ್ದಳು. ಈ ಪಂಚಮಿಗೆ ತರುವ ಬಳ್ಳಿಯೂ ಹತ್ತದೆ ಹೋದರೆ, ಮಾರ್ಗಶಿರದಲ್ಲಿ ಚಂಪಾಷಷ್ಠಿಗೆ ಜೇಜುರಿಗೆ ಹೋದಾಗ ಖಂಡೋಬನ ಮುಂದೆಯೇ ಮಗನಿಗೆ ಎರಡನೇ ಮದುವೆಯ ಮಾತು ಮುಗಿಸಿಕೊಂಡು ಬರುವುದಂತೆ. ಆಗೆಲ್ಲ ಅದಕ್ಕೆ ಕಾಯಿದೆಯ ಅಡ್ಡಿಯೂ ಇರಲಿಲ್ಲ, ನೆರೆಹೊರೆಯವರ ನಾಚಿಕೆಯೂ ಇರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಏಕೆಂದರೆ ಆ ಬಳ್ಳಿಗಳನ್ನು ಕೊಂದದ್ದು ಯಾರೆಂದು ನನಗೆ ಗೊತ್ತಿತ್ತು. ಮೌಶಿಯೇ! ಬಳ್ಳಿ ನೆಟ್ಟದ್ದು ಚಿಮಣಿ ಎಣ್ಣೆಯ ಖಾಲಿ ಡಬ್ಬಿಯಲ್ಲಿ. ಡಬ್ಬಿಯ ತಳಕ್ಕೆ ತೂತಿಲ್ಲ. ದಿನಾ ಬೆಳಿಗ್ಗೆ ಮೌಶಿ ಪೂಜೆ ಮುಗಿಸಿ ಅಭಿಷೇಕದ ನೀರನ್ನೆಲ್ಲ ಭಕ್ತಿಯಿಂದ ಅದಕ್ಕೆ ಸುರಿಯುತ್ತಿದ್ದರು. ಹೋಗಲು ದಾರಿಯಿಲ್ಲದ ನೀರು ಡಬ್ಬಿಯಲ್ಲೇ ನಿಂತು ನಾರುತ್ತಿತ್ತು. "ಮೌಶಿ, ಡಬ್ಬಿಗೆ ನಾಕು ತೂತು ಹೊಡಸ್ರಿ, ಬಳ್ಳಿ ತಾನ ಹತ್ತತದ" ಎಂದು ಹೇಳಿದ್ದೆ. ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅವ್ವಯ್ಯ! ಮನ್ಯಾಗ ತೂತಿನ ಪಾತ್ರಿ ಇಡಬೇಕಂತೀಯೇನ? ಲಕ್ಷ್ಮಿ ಸೋರಿ ಹೋಗ್ತಾಳ. ವ್ಯಾಪಾರದ ಮನಿ ನಮ್ಮದು."

"ಪಾತ್ರಿ ಅಲ್ರಿ ಅದು, ಎಣ್ಣಿ ಡಬ್ಬಿ."

"ಮನ್ಯಾಗ ಬಂದ ಮ್ಯಾಲ ಎಲ್ಲಾ ಪಾತ್ರೀನ."

ಇದಕ್ಕೆ ಏನು ಹೇಳುತ್ತೀರಿ? ನಾನು ಹಲ್ಲು ಕಡಿದು ಮನೆಗೆ ಬಂದೆ. ಗಂಡನ ಮುಂದೆ ಗೊಣಗಿದರೆ, "ಊರಿಗೆಲ್ಲಾ ಬುದ್ಧಿ ಹೇಳೋ ಕೆಲಸ ನಿನಗ ಯಾರು ಕೊಟ್ಟಾರ?" ಎಂದು ಪತ್ರಿಕೆ ಎತ್ತಿ ಮುಖ ಮುಚ್ಚಿಕೊಂಡರು.

ಆ ಶ್ರಾವಣದಲ್ಲಿ ಹುಡುಗಿ ತವರಿನಿಂದ ಮೂರನೆಯ ಕಡ್ಡಿ ತಂದಳು. ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳಂತೆ. ಅತ್ತೆ ಮಲಗಿದ್ದ ಮಧ್ಯಾಹ್ನ ನನ್ನ ಬಾಗಿಲಿಗೆ ಬಂದಳು. ಇವಳೂ ಮುಟ್ಟಿಸಿಕೊಂಡು ಹೋಗಲು ಬಂದಳು ಎಂದು ನಾನು ಮೊದಲೇ ಸಿಡುಕಿದೆ. "ನಾ ಮುಟ್ಟಂಗಿಲ್ಲವಾ. ನನ್ನ ಕೈಯಾಗ ಏನೂ ಇಲ್ಲ."

"ಮುಟ್ಟಬ್ಯಾಡ್ರಿ, ಕಾಕು" ಎಂದಳು. ಎಲ್ಲರಿಗೂ ವೈನಿಯಾದ ನಾನು ಅವಳಿಗೆ ಕಾಕು, ಚಿಕ್ಕಮ್ಮ. ನನ್ನ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬುಡವನ್ನೇ ನೋಡುತ್ತಾ ಕೇಳಿದಳು, "ನೀವು ಹಾಕಿದ ನೀರು ಎಲ್ಲಿಗೆ ಹೋಗ್ತದ್ರಿ?"

ನಾನು ಅವಳ ಮುಖ ನೋಡಿದೆ. ಅಷ್ಟು ವರ್ಷದಲ್ಲಿ ಅಷ್ಟು ಜನ ನೀರು ಎಷ್ಟು ಎಂದು ಕೇಳಿದ್ದರು. ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಕೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬಾನಿಯ ತಳದ ತೂತು ತೋರಿಸಿದೆ. ಅದರ ಮೇಲೆ ಒಡೆದ ಹಂಚಿನ ಚೂರು ಕವುಚಿಟ್ಟು, ಮೇಲೆ ಉಸುಕು, ಅದರ ಮೇಲೆ ಮಣ್ಣು, ಹಳೆಯ ಗೊಬ್ಬರ ಹಾಕುವುದನ್ನು ಹೇಳಿದೆ. ಕಡ್ಡಿಯಲ್ಲಿ ಯಾವುದು ಮೇಲು, ಯಾವುದು ಕೆಳಗು ಎಂದು ಗೆಣ್ಣಿನ ಚಿಗುರುಗಣ್ಣು ನೋಡಿ ಗುರುತಿಸುವುದನ್ನು ಹೇಳಿದೆ. ಬೆರಳು ಇಟ್ಟು ನೋಡುವುದನ್ನೂ ಹೇಳಿದೆ. ಅವಳು ನನ್ನ ಬಾನಿಯಲ್ಲೇ ಬೆರಳಿಟ್ಟಳು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಳು. "ಹಸಿ ಅದ" ಎಂದಳು.

"ಆದ್ರ ಡಬ್ಬಿಗೆ ತೂತು ಹೊಡಿಲಿಕ್ಕೆ ಅತ್ತಿ ಬಿಡಂಗಿಲ್ರಿ" ಎಂದು ಎದ್ದಳು. ಆ ಹೊತ್ತು ಅವಳು ದಾರಿ ಕಾಣದೆ ಹೋದದ್ದು ನನಗೆ ಬಹಳ ಕೆಟ್ಟೆನಿಸಿತು.

ಮರುದಿನ ನೋಡಿದರೆ ಅವರ ಬಾಗಿಲ ಪಕ್ಕದಲ್ಲಿ ಎರಡು ಕಲ್ಲಿನ ಮೇಲೆ ಒಂದು ಬಿದಿರಿನ ಬುಟ್ಟಿ ಕೂತಿತ್ತು. ಒಳಗೆ ತೆಂಗಿನ ನಾರು, ಅದರ ಮೇಲೆ ಉಸುಕು, ಮಣ್ಣು, ನಡುವೆ ಮಲ್ಲಿಗೆ ಕಡ್ಡಿ. ಮೌಶಿ ಎಂದಿನಂತೆ ಅಭಿಷೇಕದ ನೀರು ಸುರಿದರು. ನೀರು ಬುಟ್ಟಿಯ ಸಂದಿಯಿಂದ ಸರಾಗ ಇಳಿದು ಮೋರಿ ಸೇರಿತು. ಮೌಶಿಗೆ ಏನೂ ಅನ್ನಿಸಲಿಲ್ಲ. ಪಾತ್ರೆಗೆ ತೂತಾದರೆ ಅಪಶಕುನ, ಬುಟ್ಟಿಯಲ್ಲಿ ಸಂದಿ ಇರುವುದು ಲೋಕಾರೂಢಿ! ಇಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ ನೋಡಿ. ಒಳಗೆ ಹೋಗಿ ಬಾಯಿಗೆ ಸೆರಗು ಹಿಡಿದು ನಕ್ಕೆ.

ಬಳ್ಳಿ ಹತ್ತಿತು. ಮಹಾನವಮಿಯ ಹೊತ್ತಿಗೆ ಎಳೆ ಚಿಗುರು ಬಂದು ಕಿಟಕಿಯ ಸರಳಿನತ್ತ ಕತ್ತು ಚಾಚಿತು. ದಸರೆಯ ದಿನ ಬನ್ನಿ ಕೊಡಲು ಹೆಂಗಸರೆಲ್ಲ ಅವರ ಮನೆಯಲ್ಲಿ ಸೇರಿದ್ದರು. ನಾನು ಖುಷಿಯ ಭರದಲ್ಲಿ ಬುಟ್ಟಿಯ ಮುಂದೆ ಬಗ್ಗಿ, ಅಭ್ಯಾಸಬಲದಿಂದ, ಮಣ್ಣಿನಲ್ಲಿ ಒಂದು ಬೆರಳು ಇಟ್ಟುಬಿಟ್ಟೆ. "ನೋಡ್ರಿ ಮೌಶಿ, ನಿಮ್ಮ ಸೊಸಿ ಹೆಂಗ ಹಚ್ಯಾಳ ಬಳ್ಳಿ!" ಎಂದೆ.

ಮೌಶಿ ನನ್ನ ಬೆರಳು ನೋಡಿದರು. "ಹಂಗ ಅನ್ನು ಮತ್ತ! ನಿನ್ನ ಕೈ ತಾಗೇದ. ಅದಕ್ಕ ಹತ್ತೇದ."

"ಅಲ್ರಿ, ನಾ ಈಗ ಮುಟ್ಟಿದ್ದು. ಬಳ್ಳಿ ಹತ್ತಿ ಯಾವ ಕಾಲ ಆತು."

"ಈಗ ಎಲ್ಲಾರ ಮುಂದ ಮುಟ್ಟೀದಿ, ಮೊದಲ ಎಷ್ಟು ಸಲ ಮುಟ್ಟೀಯೋ ಯಾರಿಗೆ ಗೊತ್ತು? ಮಧ್ಯಾಹ್ನ ಆಕಿ ನಿನ್ನ ಬಾಗಲಕ್ಕ ಬಂದಿದ್ಲಲ್ಲಾ, ನನಗ ಗೊತ್ತಾಗಂಗಿಲ್ಲಂತ ಮಾಡೀರೇನು?" ಉಳಿದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ವೈನಿಯ ಕೈಗುಣ ಅಂದರೆ ಸುಮ್ಮನೇ ಏನು ಎಂದರು. ಹುಡುಗಿ ಬನ್ನಿಯ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಈ ಬಳ್ಳಿ ಲೆಕ್ಕಕ್ಕಿಲ್ಲ, ಚಂಪಾಷಷ್ಠಿಗೆ ಆ ಮದುವೆಯ ಮಾತಿಗೆ ಹೋಗುವುದು ಹೋಗುವುದೇ ಎಂದು ಮೌಶಿ ಅಲ್ಲೇ ಹೇಳಿದರು.

ಎಂಥ ಅನ್ಯಾಯ! ಬುಟ್ಟಿ ಹುಡುಕಿದವಳು ಅವಳು, ಮಣ್ಣು ಹೊತ್ತವಳು ಅವಳು, ದಿನಾ ಬೆರಳಿಟ್ಟು ನೋಡಿದವಳು ಅವಳು. ನನ್ನ ಹಾಳು ಬೆರಳು ಒಂದು ಕ್ಷಣ ತಾಗಿದ್ದಕ್ಕೆ ಎಲ್ಲ ನನ್ನ ಪಾಲಿಗೆ ಬಂತು. ನಾನು ಎಷ್ಟು ವಾದಿಸಿದರೆ ಅಷ್ಟು ನನ್ನ ಹೆಸರೇ ದೊಡ್ಡದಾಯಿತು. ಮನೆಗೆ ಬಂದು ಬಾಗಿಲು ದಡಾರನೆ ಹಾಕಿದೆ. ಆ ದಿನ ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು.

ವಾದದಿಂದ ಹೋಗದ ನಂಬಿಕೆಯನ್ನು ಏನು ಮಾಡುವುದು? ಬಹಳ ಯೋಚಿಸಿದೆ. ಕೊನೆಗೆ ಒಂದೇ ದಾರಿ ಕಂಡಿತು. ಒಂದು ಮಧ್ಯಾಹ್ನ ವಾಡೆಯೆಲ್ಲ ಉಂಡು ಅಡ್ಡಾದಾಗ ನನ್ನ ಹಳೆಯ ಇಳಕಲ್ ಸೀರೆಯ ಒಂದು ಚಿಂದಿ ತೆಗೆದುಕೊಂಡು ಅಂಗಳಕ್ಕೆ ಹೋದೆ. ಬಾನಿಯನ್ನು ಓರೆ ಮಾಡಿ, ತಳದ ತೂತಿಗೆ ಆ ಚಿಂದಿಯನ್ನು ಗಟ್ಟಿಯಾಗಿ ತುರುಕಿದೆ. ಸಂಜೆ ನಳದ ಹತ್ತಿರ ಎಲ್ಲರಿಗೂ ಕೇಳುವಂತೆ ಹೇಳಿದೆ, "ನೀವು ಹೇಳೋದ ಖರೇ ಅನಸ್ತದ್ರಿ. ಗಿಡಕ್ಕ ನಾ ನೀರು ಕಡಿಮಿ ಹಾಕ್ತೇನಿ. ನಿಮ್ಮ ಕೈಲೆ ಒಂದೊಂದು ಚೊಂಬು ಹಾಕ್ರಿ, ಪುಣ್ಯ ಬರ್ತದ."

ಹೇಳುವುದೇ ತಡ! ಅಷ್ಟು ವರ್ಷ ನಾನು ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲವಲ್ಲ, ಈಗ ಸರದಿಯಲ್ಲಿ ಬಂದು ಸುರಿದರು. ಸ್ನಾನದ ಚೊಂಬು, ಪೂಜೆಯ ಚೊಂಬು, ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು. ಮಾಲಕರ ಹೆಂಡತಿ ಮೇಲಿನಿಂದಲೇ ಗುರಿಯಿಟ್ಟು ಹೊಯ್ದರು. ಯಾರೋ ಪುಣ್ಯಾತ್ಗಿತ್ತಿ ಬಿಸಿ ಸಗಣಿಯನ್ನೂ ತಂದು ಹಾಕಿದಳು. ಅವರು ಹೇಳಿದ್ದಕ್ಕೆಲ್ಲ ನಾನು ಹೂಂ ಅಂದೆ. ಅದೇ ಹೊತ್ತಿಗೆ ಮೌಶಿಯ ಮನೆಯ ಕಡೆ ಕಾಲಿಡುವುದನ್ನೂ ಬಿಟ್ಟೆ. ಹುಡುಗಿ ಎದುರಾದರೆ ಮುಖ ತಿರುಗಿಸಿದೆ. ಅವಳಿಗೆ ನಾನು ಯಾವುದಕ್ಕೆ ಮುನಿದೆನೋ ತಿಳಿಯದೆ ಕಣ್ಣು ತುಂಬಿ ಬಂದದ್ದನ್ನು ಕಂಡೆ. ಹೇಳಲಿಲ್ಲ. ಹೇಳಿದರೆ ಅವಳು ಬಂದು ಆ ಚಿಂದಿ ಕಿತ್ತು ಹಾಕುತ್ತಿದ್ದಳು.

ಮಲ್ಲಿಗೆಯ ಕೆಳಗಿನ ಎಲೆಗಳು ಮೊದಲು ಹಳದಿಯಾದವು. ಆಮೇಲೆ ತುದಿ ಬಾಡಿತು. ನನ್ನ ಬೆರಳಿಗೆ ಸದಾ ಕೆಸರೇ ಹತ್ತುತ್ತಿತ್ತು. ನನ್ನ ಮೊದಲ ಬಾಣಂತನದ ವರ್ಷ ಹಚ್ಚಿದ ಗಿಡ ಅದು. ಈಗಲೂ ನೆನೆದರೆ ಸಂಕಟವಾಗುತ್ತದೆ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅದರಲ್ಲಿ ಕಡ್ಡಿಗಳಷ್ಟೇ ಉಳಿದವು. ಅಂಗಳದ ಆಚೆ ಹುಡುಗಿಯ ಬಳ್ಳಿ ಕಿಟಕಿ ದಾಟಿ ಮೇಲಿನ ತೊಲೆಗೆ ಕೈ ಹಾಕಿತ್ತು.

ವಾಡೆಯಲ್ಲಿ ಗುಸುಗುಸು ಶುರುವಾಯಿತು. ಒಂದು ಬೆಳಿಗ್ಗೆ ಮೌಶಿ ನನ್ನ ಬಾನಿಯ ಮುಂದೆ ನಿಂತು ಒಣಗಿದ ಕಡ್ಡಿಗಳನ್ನು ಬಹಳ ಹೊತ್ತು ನೋಡಿದರು. ತಿರುಗಿ ತಮ್ಮ ಬಾಗಿಲ ಬಳ್ಳಿಯನ್ನು ನೋಡಿದರು. ಆಮೇಲೆ ನನ್ನ ಕೈ ನೋಡಿದರು.

"ವೈನಿ, ನಿನ್ನ ಕೈಗುಣ ಹೋತಲ್ಲವಾ" ಎಂದರು. ಪಾಪ, ನಿಜವಾದ ಮರುಕದಿಂದಲೇ ಅಂದರು.

"ಹೋತು ನೋಡ್ರಿ ಮೌಶಿ" ಎಂದೆ.

ಅವರು ಚಂಪಾಷಷ್ಠಿಗೆ ಜೇಜುರಿಗೆ ಹೋದರು. ಅವರು ತಿರುಗಿ ಬರುವ ತನಕ ನಾನು ಹತ್ತು ಸಲ ವಾಡೆಯ ಬಾಗಿಲಿಗೆ ಹೋಗಿ ನೋಡಿದೆ. ಟಾಂಗಾದಿಂದ ಇಳಿದವರು ಮೊದಲು ಸೊಸೆಯ ಹಣೆಗೆ ಖಂಡೋಬನ ಭಂಡಾರ ಹಚ್ಚಿದರು, ಆ ಅರಿಸಿನದಲ್ಲಿ ಉಳಿದದ್ದನ್ನು ಮಲ್ಲಿಗೆ ಬುಟ್ಟಿಗೂ ಹಚ್ಚಿದರು. ನನಗೆ ತಡೆಯಲಾಗಲಿಲ್ಲ. ಅಂಗಳದಿಂದಲೇ ಕೇಳಿದೆ, "ನೆಂಟರ ಮನಿಗೆ ಹೋಗಿದ್ರೇನ್ರಿ, ಮೌಶಿ?"

"ಹೋಗಿದ್ದೆ. ಊಟಾ ಮಾಡಿ ಬಂದೆ." ದನಿ ತಗ್ಗಿಸಿ ಹೇಳಿದರು, "ಇಂಥಾ ಕೈಗುಣದ ಸೊಸಿ ಇರಬೇಕಾದ್ರ ಇನ್ನೊಬ್ಬಾಕಿ ಯಾಕ ಬೇಕು? ಬಳ್ಳಿ ಹತ್ತೇದ. ಉಳಿದದ್ದೂ ಹತ್ತತದ."

ಮುಂದೆ ಅವಳಿಗೆ ಮಕ್ಕಳಾದವೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಅವಳು ಆ ಮನೆಯಲ್ಲಿ ಉಳಿದಳು, ಸವತಿ ಬರಲಿಲ್ಲ. ಅಷ್ಟು ಸಾಕು.

ಆ ಮೇಲೆ ಹೆಂಗಸರೆಲ್ಲ ಕಡ್ಡಿ ಹಿಡಿದುಕೊಂಡು ಅವಳ ಬಾಗಿಲಿಗೆ ಹೋಗತೊಡಗಿದರು. "ನಿನ್ನ ಕೈ ತಾಗಿಸಿ ಕೊಡವಾ" ಎನ್ನುತ್ತಿದ್ದರು. ಅವಳು ಬೆರಳು ಇಡಲು ಹೇಳುತ್ತಿದ್ದಳು. ಅವರು "ಹೌದವಾ, ಹೌದವಾ" ಎಂದು ಹೋಗಿ ಮೊದಲಿನಂತೆಯೇ ಮುಳುಗಿಸುತ್ತಿದ್ದರು. ಏನೂ ಕಲಿಯಲಿಲ್ಲ ಮಹಾರಾಯ್ತಿಯರು! ನನ್ನ ಮಲ್ಲಿಗೆ ಹೋಯಿತು, ಬುದ್ಧಿ ಒಬ್ಬರಿಗೂ ಬರಲಿಲ್ಲ.

ಮರುವರ್ಷ ಮಳೆ ಹಿಡಿದಾಗ ಹುಡುಗಿ ತನ್ನ ಬಳ್ಳಿಯಿಂದ ಒಂದು ಕಡ್ಡಿ ಕತ್ತರಿಸಿಕೊಂಡು ನನ್ನ ಬಾಗಿಲಿಗೆ ಬಂದಳು. ಹಿಂದೆಯೇ ಅವಳ ಅತ್ತೆ, ಅವರ ಹಿಂದೆ ಅರ್ಧ ವಾಡೆ. ನಾನು ಕೈ ಚಾಚಿದೆ.

"ಏ ಏ, ನೀ ಮುಟ್ಟಬ್ಯಾಡ!" ಎಂದು ಮೌಶಿ ಕೂಗಿದರು. "ಆಕೀನ ಹಚ್ಚಲಿ. ನೀ ಕೈ ಹಿಂದ ಕಟ್ಟಿಕೊಂಡು ನಿಂದ್ರು."

ನನ್ನ ಅಂಗಳ, ನನ್ನ ಬಾನಿ. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಹುಡುಗಿ ಹಳೆಯ ಮಣ್ಣು ತೋಡಿ ತೆಗೆದಳು, ಬಾನಿ ಮಗುಚಿದಳು, ತಳದ ತೂತಿಗೆ ಬೆರಳು ಹಾಕಿದಳು. ಬೆರಳಿಗೆ ಏನೋ ಸಿಕ್ಕಿತು. ಮೆಲ್ಲಗೆ ಎಳೆದಳು. ಕೆಸರಾಗಿದ್ದರೂ ಇಳಕಲ್ ಸೀರೆಯ ಕೆಂಪು ಅಂಚು ಗೊತ್ತಾಗುತ್ತಿತ್ತು. ಆ ಸೀರೆಯನ್ನು ನಾನು ಉಟ್ಟದ್ದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಚಿಂದಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬೇರೆ ಯಾರೂ ಗಮನಿಸುವ ಮೊದಲೇ ಅದನ್ನು ಮುದ್ದೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಂಚಿನ ಚೂರು ಇಟ್ಟಳು, ಉಸುಕು ಹಾಕಿದಳು, ಮಣ್ಣು ತುಂಬಿ ಕಡ್ಡಿ ನೆಟ್ಟಳು. ಚೊಂಬು ಕೈಯಲ್ಲಿ ಹಿಡಿದು ನನ್ನತ್ತ ತಿರುಗಿದಳು. ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ನೀರು ಎಷ್ಟು ಹಾಕಲಿ, ಕಾಕು?"

ಮೌಶಿ ಸೊಸೆಯ ಕೈಯಿಂದ ಚೊಂಬು ಕಸಿದುಕೊಂಡರು.

"ಆಕೀನ್ನ ಏನ ಕೇಳ್ತಿ? ಆಕಿಗೆ ಏನ ಗೊತ್ತದ?" ಎಂದು ಪೂರ್ತಿ ಚೊಂಬನ್ನು ಬಾನಿಗೆ ಸುರಿದರು.

ನಾವಿಬ್ಬರೂ ಬಾನಿಯ ತಳವನ್ನೇ ನೋಡುತ್ತಾ ನಿಂತೆವು. ಸ್ವಲ್ಪ ಹೊತ್ತಿಗೆ ನೀರು ಕೆಳಗಿನಿಂದ ಹೊರಗೆ ಹರಿದು ಬಂತು.